ಆಪಾ, ನಿಮ್ಮದು ಯಾವ ಸ್ಕೂಲು?

ನನ್ನನ್ನು ಇಸ್ಲಾಮಿನ ತಜ್ಞೆ ಎಂದು ನೇಮಿಸಿದವನು ಸೊಲ್ಲಾಪುರವನ್ನು ನಕಾಶೆಯಲ್ಲಿ ಮಾತ್ರ ಕಂಡವನು. ಆಗ ನನಗೆ ನಲವತ್ತಾರು. ಸೊಲ್ಲಾಪುರದ ಚಿಂಚೋಳಿ ಎಂಐಡಿಸಿ ಎಂಬ ಕೈಗಾರಿಕಾ ವಸಾಹತಿನ ಒಂದು ಟವೆಲ್ ಗೋದಾಮಿನಲ್ಲಿ ಕಂಪ್ಯೂಟರ್ ಆಪರೇಟರ್ ಆಗಿದ್ದೆ, ಈಗಲೂ ಇದ್ದೇನೆ. ಯಾವ ಗಾಡಿ ಯಾವ ಊರಿಗೆ ಹೋಗಬೇಕು ಎಂಬ ಚೀಟಿ ತೆಗೆದುಕೊಡುವುದು ನನ್ನ ಕೆಲಸ. ಹುಟ್ಟಿದ್ದು ಅಕ್ಕಲಕೋಟೆ ತಾಲೂಕಿನ ಒಂದು ಹಳ್ಳಿಯಲ್ಲಿ, ಒಕ್ಕಲುತನದ ಮನೆಯಲ್ಲಿ. ಕಲಿತದ್ದು ಅಲ್ಲಿನ ಕನ್ನಡ ಶಾಲೆಯಲ್ಲಿ. ಮನೆದೇವರು ಮೈಲಾರ. ಇಸ್ಲಾಮಿಗೂ ನನಗೂ ಇರುವ ಸಂಬಂಧವೆಂದರೆ ಕೆಳಗಿನ ಮನೆಯಿಂದ ಈದಿಗೆ ಬರುವ ಶೀರಖುರ್ಮಾ ಮಾತ್ರ ಎಂದು ಆಗ ನಾನು ತಿಳಿದಿದ್ದೆ.

ಇದೆಲ್ಲ ಶುರುವಾದದ್ದು ಮಗಳ ಹಳೆಯ ಲ್ಯಾಪ್‌ಟಾಪಿನಿಂದ. ಅವಳು ಕಾಲೇಜಿಗೆಂದು ಹಾಸ್ಟೆಲಿಗೆ ಹೋಗುವಾಗ ಅದನ್ನು ಮನೆಯಲ್ಲೇ ಬಿಟ್ಟುಹೋದಳು. ಅದರೊಳಗೆ ಒಂದು ಆಟವಿತ್ತು. ಇಡೀ ಜಗತ್ತಿನ ನಕಾಶೆ, ಐದುನೂರು ವರ್ಷಗಳ ಹಿಂದಿನ ರಾಜ್ಯಗಳು. ಯಾವುದಾದರೂ ಒಂದು ರಾಜ್ಯವನ್ನು ಆರಿಸಿಕೊಂಡು ನಾವೇ ಆಳಬೇಕು: ದಂಡು ಕಟ್ಟಬೇಕು, ಮದುವೆ ಸಂಬಂಧ ಬೆಳೆಸಬೇಕು, ಪಕ್ಕದವನ ಮೇಲೆ ಕಣ್ಣಿಡಬೇಕು. ಗಂಡನಿಗೆ ಪಾಳಿಯ ಕೆಲಸ. ವಾರದ ರಜೆಯ ದಿನ ಮಧ್ಯಾಹ್ನ ಮನೆಯಲ್ಲಿ ನಾನೊಬ್ಬಳೇ. ನೆರೆಯ ಹೆಂಗಸರು ಧಾರಾವಾಹಿಯಲ್ಲಿ ಅತ್ತೆ ಸೊಸೆಯರ ಜಗಳ ನೋಡುತ್ತಿದ್ದ ಹೊತ್ತಿನಲ್ಲಿ ನಾನು ಬಿಜಾಪುರವನ್ನು ಆಳತೊಡಗಿದೆ. ಜಗಳಗಳ ಜಾತಿ ಒಂದೇ ಆಗಿದ್ದರಿಂದ ಕಲಿಯುವುದು ಕಷ್ಟವಾಗಲಿಲ್ಲ.

ಇಂಥ ಆಟಗಳ ಮೇಲೆ ಅಭಿಮಾನಿಗಳೇ ಸೇರಿ ಹೊಸದೊಂದು ಪದರು ಕಟ್ಟುತ್ತಾರೆ. ಅದಕ್ಕೆ ಮಾಡ್ ಎಂದು ಹೆಸರು. ದಖ್ಖನಿನ ಮೇಲೆ ಅಂಥದ್ದೊಂದು ತಯಾರಾಗುತ್ತಿತ್ತು. ಇಂಟರ್‌ನೆಟ್ಟಿನಲ್ಲಿದ್ದ ಅದರ ಚರ್ಚೆಯ ಜಾಗದಲ್ಲಿ ನಾನು ಒಂದೇ ಒಂದು ಪ್ರಶ್ನೆ ಬರೆದೆ: ಸೊಲ್ಲಾಪುರದ ಮುಸಲ್ಮಾನರನ್ನು ಶಾಫಿ ಎಂದು ಯಾಕೆ ತೋರಿಸಿದ್ದೀರಿ? ನನಗೆ ಶಾಫಿ ಎಂದರೇನು ಎಂದು ಗೊತ್ತಿರಲಿಲ್ಲ. ಅವರು ಹಾಕಿದ್ದ ನಕಾಶೆಯಲ್ಲಿ ಕೊಂಕಣದ ಬಣ್ಣ ಘಟ್ಟ ಹತ್ತಿ ನಮ್ಮೂರಿನ ತನಕ ಹರಿದುಬಂದದ್ದು ಕಣ್ಣಿಗೆ ವಿಚಿತ್ರ ಕಂಡಿತು, ಅಷ್ಟೇ.

ತಂಡದ ಮುಖ್ಯಸ್ಥ ಯಾವುದೋ ಚಳಿದೇಶದವನು. ತಕ್ಷಣ ಉತ್ತರ ಬಂತು. 'ನೀನು ಅಲ್ಲಿಯವನೇ? ಬಹಳ ಒಳ್ಳೆಯದಾಯಿತು ಅಣ್ಣಾ. ಇನ್ನು ಮುಂದೆ ದಖ್ಖನಿನ ಇಸ್ಲಾಂ ನಿನ್ನ ಜವಾಬ್ದಾರಿ.' ನಾನು ಅಣ್ಣ ಅಲ್ಲ, ಮುಸಲ್ಮಾನಳೂ ಅಲ್ಲ ಎಂದು ಬರೆದೆ. ಪರವಾಗಿಲ್ಲ, ನೀನು ಹತ್ತಿರದಲ್ಲಿದ್ದೀಯ ಎಂದ. ಹತ್ತಿರದಲ್ಲಿರುವುದೇ ಪಾಂಡಿತ್ಯವಾದರೆ ನಾನು ನೇಯ್ಗೆಯಲ್ಲೂ ಸಕ್ಕರೆ ಕಾರ್ಖಾನೆಯಲ್ಲೂ ಪಂಡಿತೆಯಾಗಬೇಕಿತ್ತು.

ಅವನು ಕಳಿಸಿದ ತಖ್ತೆಯಲ್ಲಿ ಒಂದೊಂದು ಪ್ರಾಂತಕ್ಕೆ ಒಂದೊಂದು ಸಾಲು. ಪ್ರತಿ ಸಾಲಿನಲ್ಲಿ ಎರಡು ಚೌಕ: ಧರ್ಮ ಯಾವುದು, ಅದರೊಳಗಿನ ಸ್ಕೂಲು ಅಂದರೆ ಪಂಥ ಯಾವುದು. ಹನಫಿ, ಶಾಫಿ, ಮಾಲಿಕಿ, ಹಂಬಲಿ, ಶಿಯಾ, ಹೀಗೆ ಪಟ್ಟಿ. ಪ್ರತಿಯೊಂದರ ಮುಂದೆ ಒಂದು ಲಾಭ. ಹನಫಿಯಾದರೆ ಆಡಳಿತ ಸಲೀಸು, ಶಾಫಿಯಾದರೆ ಬಂದರಿನ ವ್ಯಾಪಾರ ಜೋರು, ಹಂಬಲಿಯಾದರೆ ಸೈನಿಕರಿಗೆ ಹುರುಪು. ರಸಗೊಬ್ಬರದ ಅಂಗಡಿಯಲ್ಲಿ ಚೀಲದ ಮೇಲೆ ಬರೆದಿರುತ್ತಾರಲ್ಲ, ಇದು ಬೇರಿಗೆ, ಇದು ಎಲೆಗೆ ಎಂದು, ಹಾಗೆ.

ಹೀಗೆ ನಾನು ಕೆಳಗಿನ ಮನೆಯ ಬಾಗಿಲು ಬಡಿದೆ.

ನಾವಿರುವುದು ನವಿ ಪೇಠದ ಹಿಂದಿನ ಗಲ್ಲಿಯ ಒಂದು ಹಳೆಯ ಕಟ್ಟಡದಲ್ಲಿ. ಕೆಳಗಿನ ಮನೆಯಾಕೆ ಉರ್ದು ಶಾಲೆಯ ಮುಖ್ಯಾಧ್ಯಾಪಿಕೆಯಾಗಿ ನಿವೃತ್ತಿಯಾದವರು. ಉರ್ದು ಶಾಲೆಯಲ್ಲಿ ಟೀಚರಿಗೆ ಆಪಾ ಎನ್ನುತ್ತಾರೆ. ಹಾಗಾಗಿ ಇಡೀ ಕಟ್ಟಡಕ್ಕೆ ಅವರು ಆಪಾ. ತವರು ಅಕ್ಕಲಕೋಟೆಯ ಕಡೆ. ನನ್ನೊಡನೆ ಕನ್ನಡ, ಸೊಸೆಯೊಡನೆ ದಖನಿ, ತರಕಾರಿಯವನೊಡನೆ ಮರಾಠಿ. ಮಗ ಸೊಸೆ ಕೆಲಸಕ್ಕೆ ಹೋದ ಮೇಲೆ ಮಧ್ಯಾಹ್ನ ಓಣಿಯ ಹೆಂಗಸರಿಗೆ ಕುರಾನು ಓದಲು ಕಲಿಸುತ್ತಾರೆ.

ನಾನು ಹೋಗಿ ಕೂತವಳೇ ಕೇಳಿದೆ: "ಆಪಾ, ನಿಮ್ಮದು ಯಾವ ಸ್ಕೂಲುರಿ?"

"ಮರತಿ ಏನ? ಆ ಟೇಕಡಿ ಮ್ಯಾಗಿನ ಉರ್ದು ಸಾಲಿ. ಇಪ್ಪತ್ತೆಂಟು ವರ್ಷ ಅಲ್ಲೇ ಮಣ್ಣ ಹೊತ್ತೀನಿ."

"ಆ ಸಾಲಿ ಅಲ್ಲರಿ. ಹನಫಿ, ಶಾಫಿ ಅಂತಾರಲ್ಲ, ಅದು."

ಆಪಾರ ಮುಖ ಬದಲಾಯಿತು. ಬಿಡಿಸುತ್ತಿದ್ದ ಬಟಾಣಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. "ಯಾರು ಕೇಳ್ಯಾರ? ಸರ್ವೆ ಬಂದದ ಏನ?"

"ಇಲ್ಲರಿ ಆಪಾ, ಒಂದು ಆಟಕ್ಕ."

"ಆಟಕ್ಕ?" ಅವರು ನನ್ನನ್ನು ಸುಮಾರು ಹೊತ್ತು ನೋಡಿದರು. "ಬೇಟಾ, ಹತ್ತ ವರ್ಷದಿಂದ ಮ್ಯಾಲ-ಕೆಳಗ ಇದ್ದೀವಿ. ನೀನು ಯಾವತ್ತೂ ಇಂಥಾದ್ದ ಕೇಳಿಲ್ಲ. ಈಗ ಕಾಗದಾ ಪೆನ್ನ ಹಿಡಕೊಂಡ ಬಂದೀದಿ. ಹೆದರಿಕಿ ಬರೂದಿಲ್ಲೇನ?"

ನನಗೆ ನಾಚಿಕೆಯಾಯಿತು. ಕಾಗದ ಪೆನ್ನನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮೇಲೆ ಹೋಗಿ ಲ್ಯಾಪ್‌ಟಾಪನ್ನೇ ತಂದು ಅವರ ಮುಂದೆ ಇಟ್ಟೆ. ಆಪಾ ಚಷ್ಮ ಹಾಕಿಕೊಂಡು ನಕಾಶೆ ನೋಡಿದರು. ಸೊಲ್ಲಾಪುರದ ಮೇಲೆ ಬೆರಳಿಟ್ಟು ಬಣ್ಣದ ಅರ್ಥ ಕೇಳಿದರು. ಹೇಳಿದೆ. ಅವರ ಹೆದರಿಕೆಯೆಲ್ಲ ಒಮ್ಮೆಲೇ ಹೋಗಿ, ಆ ಜಾಗಕ್ಕೆ ತಪ್ಪು ಉತ್ತರಪತ್ರಿಕೆ ಕಂಡ ಹೆಡ್‌ಮಾಸ್ತರಿಕೆ ಬಂತು.

"ಶಾಫಿ? ಸೊಲ್ಲಾಪುರಕ್ಕ? ಯಾವ ಗಧಾ ಬರದಾನ ಇದನ್ನ? ಶಾಫಿ ಅಂದ್ರ ಕೊಂಕಣದವ್ರು, ಭಟ್ಕಳದವ್ರು, ಸಮುದ್ರದ ದಂಡಿಯವ್ರು. ನಾವು ಹನಫಿ."

"ಫರಕು ಏನ್ರಿ ಆಪಾ?"

ಗೋಡೆಗೆ ನೇತುಹಾಕಿದ್ದ ನಮಾಜಿನ ವೇಳಾಪತ್ರಿಕೆ ತೋರಿಸಿದರು. ಸಂಜೆಮುಂದಿನ ಅಸರ್ ನಮಾಜಿಗೆ ಅದರಲ್ಲಿ ಎರಡು ವೇಳೆ ಇದ್ದವು. ಮೊದಲನೆಯದು ಶಾಫಿಯವರಿಗೆ, ಸ್ವಲ್ಪ ತಡವಾಗಿದ್ದದ್ದು ಹನಫಿಯವರಿಗೆ. ಶಾಫಿಯವರು ನಮಾಜಿನಲ್ಲಿ ಬಾಗುವ ಮೊದಲು, ಬಾಗಿ ಎದ್ದ ಮೇಲೆ ಕೈ ಎತ್ತುತ್ತಾರೆ, ನಾವು ಶುರುವಿನಲ್ಲಿ ಒಮ್ಮೆ ಎತ್ತಿದರೆ ಮುಗಿಯಿತು ಎಂದರು. ಆಮೇಲೆ ಸೀಗಡಿಯ ವಿಷಯ ಬಂತು. ಶಾಫಿಯವರು ಸಮುದ್ರದ್ದನ್ನೆಲ್ಲ ತಿನ್ನುತ್ತಾರೆ. ನಮ್ಮಲ್ಲಿ ಮೀನು ಸರಿ, ಸೀಗಡಿ ಮೀನೋ ಅಲ್ಲವೋ ಎಂದು ಆಲಿಮರು, ಅಂದರೆ ಧರ್ಮಪಂಡಿತರು, ಇನ್ನೂ ವಾದ ಮಾಡುತ್ತಿದ್ದಾರೆ ಎಂದರು.

"ನೀವು ಸೀಗಡಿ ತಿಂತೀರೇನ್ರಿ?"

"ಸೊಲ್ಲಾಪುರದಾಗ ಸೀಗಡಿ ಎಲ್ಲಿ ಬಂತ ಬೇಟಾ? ಬಂದಾಗ ನೋಡೋಣ."

ಹೋಗಿ ಅದನ್ನೆಲ್ಲ ಟೈಪು ಮಾಡಿ ಕಳಿಸಿದೆ. ಚೆನ್ನಾಗಿದೆ, ಆದರೆ ನಮಾಜಿನ ವೇಳೆಯಿಂದ ಆಟಗಾರನಿಗೆ ಏನು ಲಾಭ ಎಂದು ಮುಖ್ಯಸ್ಥ ಕೇಳಿದ. ಈ ಪ್ರಶ್ನೆಯನ್ನು ಆಪಾಗೆ ದಾಟಿಸಿದೆ. ಅವರು ಒಂದು ವಾರ ಕೂತು, ಸೊಸೆಯ ಹಳೆಯ ಡೈರಿಯಲ್ಲಿ ಉರ್ದುವಿನಲ್ಲಿ ಒಂಬತ್ತು ಪುಟ ಬರೆದರು. ದೇವರು ಒಬ್ಬ, ಕಿತಾಬು ಒಂದು. ಬದುಕಿನಲ್ಲಿ ಅದನ್ನು ನಡೆಸುವುದು ಹೇಗೆ ಎಂದು ದೊಡ್ಡ ದೊಡ್ಡವರು ಕೂತು ಯೋಚಿಸಿ ತೋರಿಸಿದ ದಾರಿಗಳು ಇವು. ನಾಲ್ಕೂ ಸರಿ. ಒಂದು ದಾರಿಯವನು ಇನ್ನೊಂದು ದಾರಿಯವನ ಹಿಂದೆ ನಿಂತು ನಮಾಜು ಮಾಡಬಹುದು. ಇದು ಲಾಭಕ್ಕಾಗಿ ಆರಿಸಿಕೊಳ್ಳುವ ವಸ್ತುವಲ್ಲ. ಇದು ಅವರ ಬರಹದ ಸಾರ. ಒಂದೊಂದು ವಾಕ್ಯ ಅವರು ಕನ್ನಡದಲ್ಲಿ ಹೇಳಿದರು, ನಾನು ನನ್ನ ಕಮ್ಮಿ ಇಂಗ್ಲಿಷಿಗೆ ಇಳಿಸಿದೆ. ಮುಖ್ಯಸ್ಥನ ಉತ್ತರ: ಅದ್ಭುತ, ಆದರೆ ಚೌಕದಲ್ಲಿ ಮುನ್ನೂರು ಅಕ್ಷರ ಮಾತ್ರ ಹಿಡಿಸುತ್ತದೆ.

ಆಪಾಗೆ ಸಿಟ್ಟು ಬರುತ್ತದೆ ಎಂದುಕೊಂಡಿದ್ದೆ. ಬರಲಿಲ್ಲ. "ಇನ್‌ಸ್ಪೆಕ್ಟರ್ ಸಾಹೇಬ್ರು ಹಿಂಗ ಕೇಳತಿದ್ರು, ವರ್ಷದ ವರದಿ ಒಂದ ಸಾಲಿನ್ಯಾಗ ಬೇಕು ಅಂತ," ಎಂದು ಕೆಂಪು ಪೆನ್ನು ತೆಗೆದು ತಮ್ಮ ಒಂಬತ್ತು ಪುಟವನ್ನು ತಾವೇ ಹೊಡೆದುಹಾಕುತ್ತ ಕೂತರು. ಕೊನೆಗೆ ಉಳಿದದ್ದು ಎರಡು ವಾಕ್ಯ. ಅವೆರಡೂ ಆಟದಲ್ಲಿ ಈಗಲೂ ಇವೆ, ಅವುಗಳ ಕೆಳಗೆ ಆಡಳಿತ ಸಲೀಸು ಎಂಬ ಲಾಭವೂ ಇದೆ.

ತಖ್ತೆಯ ಸಾಲುಗಳು ತುಂಬುತ್ತ ಬಂದವು. ಅಕ್ಕಲಕೋಟೆಯ ಸಾಲಿಗೆ ಬಂದಾಗ ನನ್ನವ್ವ ಊರಿನಿಂದ ಬಂದಿದ್ದಳು, ಕಣ್ಣಿನ ಡಾಕ್ಟರಿಗೆ ತೋರಿಸಲು. ಆಪಾ ಚಹಾಕ್ಕೆ ಕರೆದರು. ಇಬ್ಬರೂ ಒಂದೇ ತಾಲೂಕಿನವರು, ಮಾತು ಬೇಗ ಕೂಡಿತು. ನಡುವೆ ನಾನು ಕೇಳಿದೆ, ಅಕ್ಕಲಕೋಟೆಗೆ ಏನು ಬರೆಯಲಿ ಎಂದು.

ಅವ್ವ ಥಟ್ಟನೆ ಅಂದಳು: "ಮೊಹರಂ ಬರಿ. ಪೀರದೇವ್ರ ಬರಿ. ಮತ್ತೇನ ಬರೀತಿ?"

ಆಪಾ ನಕ್ಕರು. "ನಿಮ್ಮ ಊರಾಗ ನಮ್ಮವರ ಮನಿ ಎಷ್ಟ ಅದಾವ ಅಕ್ಕಾರ?"

"ಒಂದೂ ಇಲ್ಲರಿ. ಓದಕಿ ಓದಾಕ ಬಾಜೂ ಊರಿಂದ ಮುಲ್ಲಾ ಬರ್ತಾನ. ಪೀರದೇವ್ರ ಪಂಜಾ ಹಿಡಿಯೂದು ಕುರಿ ಕಾಯೂ ಧನಗರ ಮನೆತನ. ಬೀರೋಬಾನ ಪೂಜಾರಿಕಿನೂ ಅವರ ಮನಿದ. ಇಕಿ ಹುಟ್ಟಿದಾಗ ಮೂರ ದಿನ ಹಾಲ ಹಿಡೀಲಿಲ್ಲರಿ. ಪೀರದೇವ್ರಿಗೆ ಬೇಡ್ಕೊಂಡೆ. ಐದ ವರ್ಷ ಮೊಹರಂದಾಗ ಫಕೀರಿ ಮಾಡಿ ಕೊಳ್ಳಾಗ ಲಾಡಿ ಹಾಕಿ ಐದ ಮನಿ ಬೇಡಿಸೀನಿ."

ಕೊರಳಿಗೆ ಕಟ್ಟಿದ್ದ ಆ ಕೆಂಪು ದಾರದ ನವೆ ನನಗೆ ನೆನಪಿತ್ತು. ಜೋಳಿಗೆಗೆ ಬಿದ್ದ ಸಕ್ಕರೆ ನೆನಪಿತ್ತು. ಅದು ಇಸ್ಲಾಮಿಗೆ ಸಂಬಂಧಿಸಿದ್ದು ಎಂದು ಮಾತ್ರ ನನಗೆ ಈ ನಲವತ್ತು ವರ್ಷಗಳಲ್ಲಿ ಹೊಳೆದಿರಲಿಲ್ಲ. ಅದು ನಮ್ಮೂರಿನ ಹಬ್ಬ, ಅಷ್ಟೇ. ಇಸ್ಲಾಮಿನ ತಜ್ಞೆ ತಾನೇ ಒಂದು ಕಾಲಕ್ಕೆ ಫಕೀರಳಾಗಿದ್ದುದು ತಂಡಕ್ಕೆ ಗೊತ್ತಾಗಿದ್ದರೆ ಇನ್ನೆರಡು ಪ್ರಾಂತ ಹೆಚ್ಚು ಕೊಡುತ್ತಿದ್ದರೇನೋ.

ಆಪಾ ಮೆತ್ತಗೆ, ಆದರೆ ಮುಖ್ಯಾಧ್ಯಾಪಿಕೆಯ ಧ್ವನಿಯಲ್ಲೇ ಹೇಳಿದರು: "ಸಿಟ್ಟಿಗೇಳಬ್ಯಾಡ್ರಿ ಅಕ್ಕಾರ. ಪಂಜಾ, ಲಾಡಿ, ಹರಕಿ, ಇದೆಲ್ಲಾ ಇಸ್ಲಾಂದೊಳಗ ಬರಂಗಿಲ್ಲ. ನಾವು ಆವತ್ತ ರೋಜಾ ಇಡ್ತೀವಿ, ಅಷ್ಟ."

ಅವ್ವ ಚಹಾ ಬಸಿಯಲ್ಲಿ ಸುರುವಿಕೊಂಡು ಉಫ್ ಎಂದು ಊದಿದಳು. "ಬರದಿದ್ರ ಬಿಡ್ರಿ. ನಮ್ಮ ಊರಾಗ ವರ್ಷಾ ಬರ್ತದ."

ಆಪಾ ಬಿದ್ದು ಬಿದ್ದು ನಕ್ಕರು. ಅವ್ವನೂ ನಕ್ಕಳು. ಮುಂದೆ ಮಾತು ಕಣ್ಣಿನ ಪೊರೆಯ ಕಡೆ ಹೋಯಿತು.

ಅವ್ವ ಊರಿಗೆ ಹೋದ ಮೇಲೆ ನಾನೂ ಆಪಾನೂ ತಖ್ತೆಯ ಮುಂದೆ ಕೂತೆವು. ಅಕ್ಕಲಕೋಟೆಯ ಮುಸಲ್ಮಾನರು ಹನಫಿ, ಸರಿ. ಆದರೆ ಆ ಪ್ರಾಂತದಲ್ಲಿ ಮುಸಲ್ಮಾನರಿಲ್ಲದ ಊರಿನ ಮೊಹರಮ್ಮೂ ಇದೆ, ಬೀರೋಬಾನ ಪೂಜಾರಿ ಹೊರುವ, ಲೋಹದ ಹಸ್ತದ ಪಂಜಾವೂ ಇದೆ. ಸ್ಕೂಲಿನ ಚೌಕ ಮಾತ್ರ ಒಂದೇ. ಹನಫಿ ಎಂದು ಬರೆಸಲು ಆಪಾ ತಾವೇ ಹಿಂಜರಿದರು.

"ಹನಫಿ ಅಂತ ಬರದ್ರ ನಿಮ್ಮವ್ವನ ಪಂಜಾನೂ ಅದರಾಗ ಬಂತು ಅಂತ ಅರ್ಥ ಆಗ್ತದ. ಬರೀಬ್ಯಾಡ. ಖಾಲಿ ಬಿಡು. ನಾನು ಹುಡುಗ್ಯಾರಿಗೆ ಹೇಳತಿದ್ದೆ, ಗೊತ್ತಿಲ್ಲದ ಉತ್ತರ ಖಾಲಿ ಬಿಡ್ರಿ, ಸುಳ್ಳ ಬರೀಬ್ಯಾಡ್ರಿ."

ಬಿಟ್ಟೆ. ಮರುದಿನ ತಖ್ತೆ ಕಳಿಸಿದೆ. ಒಂದು ತಿಂಗಳ ಮೇಲೆ ಮಾಡ್ ಬಿಡುಗಡೆಯಾಯಿತು.

ನಿಜವಾದ ಆಟ ಶುರುವಾದದ್ದು ಆಮೇಲೆ. ನಾವು ಬರೆದದ್ದು ಹೇಗೆ ಕಾಣುತ್ತದೆ ನೋಡೋಣ ಎಂದು ಆಪಾ ರಜೆಯ ಮಧ್ಯಾಹ್ನ ಮೇಲೆ ಬಂದರು. ನೋಡಲು ಬಂದವರು ಮೌಸು ಹಿಡಿದರು. ಬಿಜಾಪುರದ ಸುಲ್ತಾನರಾದರು. ಸೊಲ್ಲಾಪುರದ ಕೋಟೆ ಗೆದ್ದು ಅರ್ಧ ತಾಸು ಆಗಿರಲಿಲ್ಲ, ಪರದೆಯ ಮೇಲೆ ಡಂಗುರದ ಸದ್ದಾಯಿತು. ಅಕ್ಕಲಕೋಟೆಯಲ್ಲಿ ದಂಗೆ.

"ಯಾಕ? ನಾನೇನ ಮಾಡೀನಿ ಅವರಿಗೆ?"

ಕಾರಣ ಒತ್ತಿ ನೋಡಿದೆ. ಪ್ರಜೆಗಳು ಬೇರೆ ಸ್ಕೂಲಿನವರು, ಆದ್ದರಿಂದ ಅಸಮಾಧಾನ. ಸ್ಕೂಲು: ಇಬಾದಿ.

ಇಬಾದಿ ಎಂಬುದು ಒಮಾನ್ ದೇಶದಲ್ಲಿ ಹೆಚ್ಚಾಗಿ ಇರುವ ಒಂದು ಪಂಥ. ಅದು ಅಕ್ಕಲಕೋಟೆಗೆ ಬಂದದ್ದು ಹೇಗೆಂದು ತಿಳಿಯಲು ಎರಡು ದಿನ ಬೇಕಾಯಿತು. ತಂಡದ ಇನ್ನೊಬ್ಬ ಸದಸ್ಯ ಮೊಟ್ಟಮೊದಲು ಒಮಾನಿನ ಕೆಲಸ ಮಾಡಿದ್ದನಂತೆ. ಹಾಗಾಗಿ ಪಟ್ಟಿಯಲ್ಲಿ ಮೊದಲ ಹೆಸರು ಇಬಾದಿ. ಚೌಕ ಖಾಲಿ ಬಿಟ್ಟರೆ ಆಟ ತಾನಾಗಿ ಪಟ್ಟಿಯ ಮೊದಲ ಹೆಸರನ್ನು ತುಂಬಿಕೊಳ್ಳುತ್ತದೆ. ಸುಳ್ಳು ಬರೆಯಬಾರದೆಂದು ನಾವು ಬಿಟ್ಟ ಜಾಗದಲ್ಲಿ ಇಡೀ ಒಮಾನ್ ಬಂದು ಕೂತಿತ್ತು.

ತಪ್ಪನ್ನು ತಿಳಿಸೋಣವೆಂದು ಚರ್ಚೆಯ ಜಾಗಕ್ಕೆ ಹೋದರೆ ಅಲ್ಲಿ ನನಗೆ ಹೊಗಳಿಕೆ ಕಾದಿತ್ತು. ಯಾರೋ ಒಬ್ಬ ಮಹಾಶಯ ಅಕ್ಕಲಕೋಟೆಯ ಬಗ್ಗೆ ಉದ್ದ ಲೇಖನ ಬರೆದಿದ್ದ. ಅರಬ್ಬಿ ಕುದುರೆಗಳು ಹಡಗಿನಲ್ಲಿ ಬರುತ್ತಿದ್ದವು, ಒಮಾನಿನ ವ್ಯಾಪಾರಿಗಳು ಸುಲ್ತಾನರಿಗೆ ಅವನ್ನು ಮಾರುತ್ತಿದ್ದರು, ಅಕ್ಕಲಕೋಟೆಯ ಹುಲ್ಲುಗಾವಲಿನಲ್ಲಿ ಕುದುರೆ ಮೇಯಿಸಲು ಅವರು ನೆಲೆ ನಿಂತಿರಬೇಕು, ಇಂಥ ಸೂಕ್ಷ್ಮವನ್ನು ಗುರುತಿಸಿದ ಸಂಶೋಧಕನಿಗೆ ನಮಸ್ಕಾರ. ಅದರ ಕೆಳಗೆ ಬಹಳ ಜನ ತಲೆದೂಗಿದ್ದರು. ನಾನೇ ಓದುತ್ತ ಓದುತ್ತ ಒಂದು ಕ್ಷಣ ನಂಬಿಬಿಟ್ಟೆ. ನಮ್ಮ ಕಡೆ ಹುಲ್ಲುಗಾವಲು ಇರುವುದಂತೂ ನಿಜ. ಬೋರಾಮಣಿಯ ಹುಲ್ಲಿನಲ್ಲಿ ಕುರಿ ಕಂಡಿದ್ದೇನೆ, ಕುದುರೆ ಕಂಡಿಲ್ಲ.

ಇದು ಖಾಲಿ ಚೌಕದ ತಪ್ಪು ಎಂದು ಮುಖ್ಯಸ್ಥನಿಗೆ ಬರೆದೆ. ಅವನು ಸಂಕಟದಲ್ಲಿ ಬಿದ್ದ. ಜನರಿಗೆ ಅದು ಬಹಳ ಇಷ್ಟವಾಗಿದೆ, ಬದಲಿಸಬೇಕಾದರೆ ಮೂಲ ಬೇಕು ಎಂದ. ಹನಫಿ ಎನ್ನಲು ಯಾವ ಆಧಾರ ಇದೆ ನಿನ್ನಲ್ಲಿ? ತಪ್ಪಿನ ಬೆನ್ನಿಗೆ ಒಂದು ಲೇಖನವಿತ್ತು, ಸರಿಯ ಬೆನ್ನಿಗೆ ಏನೂ ಇರಲಿಲ್ಲ.

ಆಪಾಗೆ ಹೇಳಿದೆ. "ನಾನ ಇದ್ದೀನಲ್ಲ ಮೂಲ!" ಎಂದು ಎದೆ ಮುಟ್ಟಿಕೊಂಡರು. ಕೂತು ಪತ್ರ ಹೇಳಿ ಬರೆಸಿದರು. ನಾನು ಅಕ್ಕಲಕೋಟೆ ತಾಲೂಕಿನವಳು. ನನ್ನ ತಂದೆ, ಅವರ ತಂದೆ, ಅವರ ತಂದೆ ಹನಫಿ. ನಮ್ಮ ಮಸೀದಿ ಹನಫಿ. ಇಬಾದಿ ಎಂಬ ಶಬ್ದವನ್ನು ನಮ್ಮ ಕಡೆ ಯಾರೂ ಕೇಳಿಲ್ಲ, ನಾನೂ ಕಿತಾಬಿನಲ್ಲಿ ಮಾತ್ರ ಓದಿದ್ದೇನೆ. ಕೊನೆಗೆ ತಮ್ಮ ಪೂರ್ತಿ ಹೆಸರು, ನಿವೃತ್ತ ಮುಖ್ಯಾಧ್ಯಾಪಿಕೆ ಎಂಬ ಹುದ್ದೆ, ಊರು ಎಲ್ಲ ಬರೆಸಿದರು. ನಾನು ಕಳಿಸಲು ಗುಂಡಿ ಒತ್ತುವ ಹೊತ್ತಿಗೆ, "ನಿಲ್ಲು" ಎಂದರು.

"ಹೆಸರ ತಗಿ."

"ಯಾಕ್ರಿ ಆಪಾ? ಹೆಸರಿದ್ರ ಅಲ್ಲ ಗಟ್ಟಿ ಆಗೂದು?"

"ತಗಿ ಬೇಟಾ. ಈಗಿನ ಕಾಲದಾಗ ಹನಫಿ, ಅಕ್ಕಲಕೋಟ, ನನ್ನ ಹೆಸರು, ಮೂರೂ ಒಂದ ಕಾಗದದಾಗ ಇರೂದು ಬ್ಯಾಡ. ಯಾರ ಕೈಯಾಗ ಹೋಗ್ತದೋ ಏನೋ. ಮಗಾ ಸಿಟ್ಟ ಮಾಡ್ತಾನ."

ತೆಗೆದೆ. ಇಪ್ಪತ್ತೆಂಟು ವರ್ಷ ಹಾಜರಿ ಕರೆದ ಹೆಂಗಸು ತನ್ನ ಹೆಸರನ್ನು ತಾನೇ ಹೊಡೆದುಹಾಕಿಸುವುದನ್ನು ನೋಡಿ ನನಗೆ ಆಟದ ಮೇಲಿನ ಆಸೆಯೇ ಹೋದಂತಾಯಿತು. ಪತ್ರ ಹೋಯಿತು. ಉತ್ತರ ಮುಖ್ಯಸ್ಥನಿಂದ ಬಂತು, ಬಹಳ ವಿನಯದಿಂದ. ಹೆಸರಿಲ್ಲದ ಪತ್ರವನ್ನು ಮೂಲವೆಂದು ಒಪ್ಪಲಾಗದು. ಲೇಖನ ಬರೆದ ಮಹಾಶಯನೂ ಒಂದು ಸಾಲು ಸೇರಿಸಿದ್ದ: ಮೂರು ತಲೆಮಾರಿನ ನೆನಪು ಐದುನೂರು ವರ್ಷದ ಪ್ರಶ್ನೆಗೆ ಉತ್ತರವಲ್ಲ. ಈ ತಾಯಿಯ ಹಿರಿಯರು ಮೊದಲು ಇಬಾದಿಗಳಾಗಿದ್ದು ಆಮೇಲೆ ಮರೆತಿರಬಹುದು.

ಓದಿ ಹೇಳಿದಾಗ ಆಪಾ ಸಿಡಿಯುತ್ತಾರೆ ಎಂದು ಹೆದರಿದ್ದೆ. ಅವರು ಚಷ್ಮ ತೆಗೆದು ಸೆರಗಿನಿಂದ ಒರೆಸಿಕೊಂಡರು. "ನನ್ನ ಮುತ್ತ್ಯಾ ಏನಿದ್ದ ಅನ್ನೂದು ಅವನಿಗೆ ಗೊತ್ತು, ನನಗ ಗೊತ್ತಿಲ್ಲ. ಆಗಲಿ. ಹಚ್ಚು ಆಟ."

ಅಕ್ಕಲಕೋಟೆಯ ದಂಗೆ ಇನ್ನೂ ನಡೆದಿತ್ತು. ದಂಡು ಕಳಿಸಿ ಎಂದು ಆಟ ಸಲಹೆ ಕೊಟ್ಟಿತು. "ತವರಿಗೆ ನಾನ ದಂಡ ಕಳಸಬೇಕೇನು?" ಎಂದು ಆಪಾ ಒಪ್ಪಲಿಲ್ಲ. ಮತಬೋಧಕನನ್ನು ಕಳಿಸಿದರು. ಅವನು ಸೋತು ಬಂದ. ಆಗ ಅವರ ಕಣ್ಣಿಗೆ ಮೂಲೆಯ ಒಂದು ಗುಂಡಿ ಬಿತ್ತು: ರಾಜ್ಯದ ಸ್ಕೂಲು ಬದಲಿಸಿ. ಒತ್ತಿದರು. ಒಂದೇ ಏಟಿಗೆ ಇಡೀ ಬಿಜಾಪುರ ಸುಲ್ತಾನಿ ಇಬಾದಿಯಾಯಿತು. ಅಕ್ಕಲಕೋಟೆ ತಣ್ಣಗಾಯಿತು.

"ಆಪಾ! ಇದು ಲಾಭಕ್ಕ ಆರಿಸಿಕೊಳ್ಳೂದಲ್ಲ ಅಂತ ಒಂಬತ್ತ ಪುಟ ಬರದಿದ್ರಲ್ಲ?"

"ಅದು ಮುಸಲ್ಮಾನಳಾಗಿ ಬರದಿದ್ದೆ. ಇದು ಸುಲ್ತಾನಳಾಗಿ ಮಾಡಾಕತ್ತೀನಿ. ಬಾಯಿ ಮುಚ್ಚು."

ಹತ್ತು ನಿಮಿಷದಲ್ಲಿ ಸೊಲ್ಲಾಪುರ ದಂಗೆ ಎದ್ದಿತು. ಮತ್ತೆ ಗುಂಡಿ ಒತ್ತಿ ಹನಫಿಗೆ ಬಂದರು. ಇರಾನಿನ ಜೊತೆ ಸ್ನೇಹ ಬೇಕಾದಾಗ ಶಿಯಾ ಆದರು. ಸಂಜೆಯ ಅಸರ್ ನಮಾಜಿನ ಹೊತ್ತಿಗೆ ನಾಲ್ಕು ಸಲ ಬದಲಿಸಿಯಾಗಿತ್ತು. ಏಳುವಾಗ ಸೊಂಟ ಹಿಡಿದುಕೊಂಡು ಹೇಳಿದರು: "ಬಿಜಾಪುರದ ಸುಲ್ತಾನರೂ ಅಪ್ಪ ಶಿಯಾ, ಮಗ ಸುನ್ನಿ ಅಂತ ಬದಲ ಮಾಡ್ತಿದ್ರು. ಸಾಲ್ಯಾಗ ಪಾಠ ಮಾಡೂಮುಂದ ಎಂಥಾ ಮಂದಿ ಇವರು ಅಂತಿದ್ದೆ. ಈಗ ತಿಳೀತು ಅವರ ತಲಿಬ್ಯಾನಿ."

ಕೊನೆಗೆ ತಂಡದಲ್ಲಿ ಮತ ಹಾಕಿ ರಾಜಿಯಾಯಿತು. ಅಕ್ಕಲಕೋಟೆ ಹನಫಿ, ಆದರೆ ಸಣ್ಣದೊಂದು ಇಬಾದಿ ಗುಂಪು ಇರಲಿ, ಜನರಿಗೆ ಇಷ್ಟ ಎಂದು. ಹೀಗೆ ನನ್ನ ಹುಟ್ಟೂರಿನ ಸುತ್ತಮುತ್ತ ಎಂದೂ ಇಲ್ಲದ ಜನ ಈಗ ಕುದುರೆ ಮೇಯಿಸಿಕೊಂಡು ಇದ್ದಾರೆ. ಇರುವ ಜನಕ್ಕೆ ಜಾಗ ಸಿಗಲಿಲ್ಲ. ಪೀರದೇವರ ಬಗ್ಗೆ ನಾನು ಬೇರೆ ಚಿಕ್ಕದೊಂದು ಕಾರ್ಡು, ಆಟದ ನಡುವೆ ಪರದೆಯ ಮೇಲೆ ಬರುವ ಘಟನೆ, ಬರೆದು ಕಳಿಸಿದೆ: ಮುಸಲ್ಮಾನರಿಲ್ಲದ ಊರು ಮೊಹರಂ ಮಾಡಲು ಅನುಮತಿ ಕೇಳುತ್ತದೆ. ಬಹಳ ಸುಂದರ ಎಂದು ಮುಖ್ಯಸ್ಥ ಹೊಗಳಿ, ಇದನ್ನು ಯಾವ ಸ್ಕೂಲಿಗೆ ಜೋಡಿಸಲಿ ಎಂದು ಕೇಳಿದ. ಅವನಿಗೆ ನಾನು ಇನ್ನೂ ಉತ್ತರ ಬರೆದಿಲ್ಲ. ಅವ್ವನಿಗೆ ಫೋನಿನಲ್ಲಿ ಹೇಳಿದರೆ, "ಊರಿನ ಪಂಚರನ್ನ ಕೇಳಬೇಕಾಗ್ತದ" ಎಂದಳು.

ಕೃತಜ್ಞತೆಯ ಪಟ್ಟಿಯಲ್ಲಿ ಇಸ್ಲಾಂ ಸಲಹೆಗಾರ ಎಂದು ನನ್ನ ಆಟದ ಅಡ್ಡಹೆಸರು ಇದೆ. ಆಪಾರದು ಎಲ್ಲೂ ಇಲ್ಲ.

ಅವರಿಗೆ ಅದರ ಚಿಂತೆ ಇದ್ದಂತಿಲ್ಲ. ಕುರಾನಿನ ಪಾಠ ಮುಗಿದ ಮೇಲೆ ಇತಿಹಾಸ ಓದಲು ಹೋಗುತ್ತೇನೆ ಎಂದು ಸೊಸೆಗೆ ಹೇಳಿ ಈಗಲೂ ಮೇಲೆ ಬರುತ್ತಾರೆ. ದಖ್ಖನ್ ಸಾಕಾಗಿದೆಯಂತೆ. ಹೋದ ವಾರ ನಮ್ಮ ಮುಖ್ಯಸ್ಥನ ಚಳಿದೇಶವನ್ನೇ ಆರಿಸಿಕೊಂಡು ಅಲ್ಲಿನ ದೊರೆಯಾದರು. ಅಲ್ಲಿನ ಕ್ರೈಸ್ತ ಚರ್ಚಿನ ಪುಟ ತೆರೆದು ಚಷ್ಮದೊಳಗಿಂದ ಒಂದೊಂದೇ ಸಾಲು ಓದಿದರು.

"ಇವರೊಳಗೂ ಸಾಲಿ ಅದಾವ ನೋಡು. ಇಲ್ಲೂ ಲಾಭ ಬರದಾರ."

"ಹೌದೇನ್ರಿ?"

"ಹೂಂ. ಮೂರ ಪ್ರಾಂತ ಖಾಲಿ ಬಿಟ್ಟಾರ, ಅಲ್ಲೂ ಪಟ್ಟಿ ಮೊದಲಿನ ಹೆಸರ ಬಂದ ಕೂತದ," ಎಂದು ಮೌಸನ್ನು ತಮ್ಮ ಕಡೆ ಎಳೆದುಕೊಂಡರು. "ಚಹಾ ಇಡು. ಇವರ ಮುತ್ತ್ಯಾಗೋಳು ಏನಿದ್ರು ಅಂತ ಒಂದೀಟ ನೋಡೋಣು."